ಕೊರೆಯುವ ಚಳಿಯಲ್ಲಿ ಕೋಳಿಗೂಡಿನ ಗಾಳಿ: ದೋಷ ಎಲ್ಲಿದೆ ಅಂತ ಹುಡುಕುವ ಬಗೆ

ಬೆಳಿಗ್ಗೆ ಗೂಡಿನ ಬಾಗಿಲು ತೆಗೆದರೆ ಹುಂಜದ ಜುಟ್ಟಿನ ತುದಿ ಬೂದು ಬಣ್ಣಕ್ಕೆ ತಿರುಗಿದೆ. ಎರಡು ಮೂರು ದಿನಕ್ಕೆ ಅದೇ ತುದಿ ಕಪ್ಪಾಗುತ್ತದೆ. ಹೊರಗೆ ಮೈನಸ್ 15 ಡಿಗ್ರಿ. ಪಾಪ, ಚಳಿ ತಡೆಯೋಕಾಗಲಿಲ್ಲ, ಇದ್ದಬದ್ದ ಸಂದಿಯನ್ನೆಲ್ಲ ಮುಚ್ಚಿಬಿಡೋಣ ಅಂತ ಯಾರಿಗಾದರೂ ಅನಿಸುತ್ತದೆ. ನಾನೂ ಹಾಗೇ ಮಾಡಿದ್ದೆ. ಸೂರಿನ ಕೆಳಗಿನ ಸಂದಿಗೆ ಹಳೇ ಬಟ್ಟೆ ತುರುಕಿದೆ, ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಹೊಡೆದೆ. ಒಂದು ವಾರದಲ್ಲಿ ಇನ್ನೂ ಮೂರು ಕೋಳಿಗಳ ಜುಟ್ಟು ಕಪ್ಪಾಯಿತು.

ಗೂಡಿನ ತೇವ ಹೊರಗೆ ಹೋಗಲು ಇದ್ದ ಒಂದೆರಡು ದಾರಿಯನ್ನೂ ನಾನೇ ಮುಚ್ಚಿದ್ದೆ. ಕೋಳಿಯ ಮೈ ಬಿಸಿ ಸುಮಾರು 41 ಡಿಗ್ರಿ. ಪುಕ್ಕ ಉಬ್ಬಿಸಿ ಕೂತರೆ ಅದರೊಳಗೆ ಗಾಳಿ ಸಿಕ್ಕಿಕೊಂಡು ಒಳ್ಳೇ ರಜಾಯಿಯಾಗುತ್ತದೆ. ಬಲಿತ, ಆರೋಗ್ಯವಾದ ಕೋಳಿ ಒಣ ಜಾಗದಲ್ಲಿ, ಗಾಳಿ ಹೊಡೆಯದ ಕಡೆ ಕೂತರೆ ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿಯನ್ನೂ ಕಳೆಯಬಲ್ಲದು. ಅದೇ ಪುಕ್ಕ ಒದ್ದೆಯಾದರೆ ರಜಾಯಿ ಕೆಲಸ ನಿಲ್ಲಿಸುತ್ತದೆ. ಜುಟ್ಟು, ಗಲ್ಲದ ಜೋಲು, ಕಾಲ್ಬೆರಳು ಇವಕ್ಕಂತೂ ಪುಕ್ಕವೇ ಇಲ್ಲ. ಒದ್ದೆ ಚರ್ಮ ಒಣ ಚರ್ಮಕ್ಕಿಂತ ಬೇಗ ಹೆಪ್ಪುಗಟ್ಟುತ್ತದೆ.

ಹಾಗಾಗಿ ಗೂಡಿನಲ್ಲಿ ಏನೇ ತೊಂದರೆ ಕಂಡರೂ ಮೊದಲು ಕೇಳಬೇಕಾದ್ದು, ತೇವ ಎಲ್ಲಿಂದ ಬರುತ್ತಿದೆ, ಎಲ್ಲಿ ನಿಂತಿದೆ?

ಬಾಗಿಲು ತೆಗೆದ ಮೊದಲ ಐದು ನಿಮಿಷ

ಪರೀಕ್ಷೆಗೆ ಸರಿಯಾದ ಹೊತ್ತು ಬೆಳಗಿನ ಜಾವ, ಕೋಳಿಗಳನ್ನು ಹೊರಗೆ ಬಿಡುವ ಮೊದಲು. ಚಳಿಗಾಲದ ರಾತ್ರಿ ಉದ್ದ. 14 ಗಂಟೆ ಒಳಗೇ ಕೂತು ಉಸಿರಾಡಿರುತ್ತವೆ, ಹಿಕ್ಕೆ ಹಾಕಿರುತ್ತವೆ. ಗೂಡಿನ ಅತಿ ಕೆಟ್ಟ ಸ್ಥಿತಿ ಕಾಣುವುದು ಆಗಲೇ. ಬಿಸಿಲೇರಿದ ಮೇಲೆ ಹೋಗಿ ಇಣುಕಿದರೆ ಎಲ್ಲವೂ ಚೆನ್ನಾಗೇ ಇದೆ ಅನಿಸುತ್ತದೆ.

ಮೊದಲು ಮೂಗು. ಬಾಗಿಲಲ್ಲಿ ನಿಂತು ಅಲ್ಲ, ಬಗ್ಗಿ ನಿಮ್ಮ ಮುಖವನ್ನು ಕೋಳಿ ಕೂರುವ ಎತ್ತರಕ್ಕೆ ತಂದು ಉಸಿರೆಳೆಯಿರಿ. ಮೊದಲ ಎರಡು ಮೂರು ಉಸಿರನ್ನಷ್ಟೇ ನಂಬಿ. ಆಮೇಲೆ ಮೂಗು ಆ ವಾಸನೆಗೆ ಒಗ್ಗಿಹೋಗುತ್ತದೆ. ದಿನಾ ಗೂಡಿಗೆ ಹೋಗುವವರಿಗೆ ಎಷ್ಟೋ ಸಲ ಏನೂ ಗೊತ್ತಾಗುವುದೇ ಇಲ್ಲ. ಮನೆಯ ಬೇರೆ ಯಾರನ್ನಾದರೂ ಕರೆದುಕೊಂಡು ಹೋಗಿ, ಅವರ ಮುಖ ನೋಡಿದರೆ ಸಾಕು.

ಆಮೇಲೆ ಟಾರ್ಚ್ ಹಿಡಿದು ಮಾಡಿನ ಒಳಬದಿಗೆ ಬೆಳಕು ಬಿಡಿ. ನನ್ನ ಗೂಡಿನಲ್ಲಿ ಮೊದಲ ಸುಳಿವು ಕೊಟ್ಟಿದ್ದು ಮೊಳೆಗಳು. ಹಲಗೆಯಿಂದ ಒಳಕ್ಕೆ ಇಣುಕುತ್ತಿದ್ದ ಒಂದೊಂದು ಮೊಳೆಯ ತುದಿಯಲ್ಲೂ ಒಂದೊಂದು ಬಿಳಿ ಮಣಿ. ಸಾಲಾಗಿ, ಯಾರೋ ಅಲಂಕಾರಕ್ಕೆ ಅಂಟಿಸಿದ ಹಾಗೆ. ನೋಡಲು ಚಂದವೇ. ಬಿಸಿಲು ಮಾಡಿಗೆ ಬಿದ್ದ ಅರ್ಧ ಗಂಟೆಗೆ ಅವೆಲ್ಲ ಕರಗಿ ಕೆಳಗೆ ಕೂತ ಕೋಳಿಗಳ ಬೆನ್ನ ಮೇಲೆ ತೊಟ್ಟಿಕ್ಕತೊಡಗಿದವು. ಸಂಜೆ ಅವು ಅದೇ ಒದ್ದೆ ಬೆನ್ನಿನಲ್ಲಿ ಮತ್ತೆ ಮಲಗಬೇಕು.

ಮೊಳೆ ಲೋಹ. ಹೊರಗಿನ ಚಳಿಯನ್ನು ನೇರವಾಗಿ ಒಳಕ್ಕೆ ತರುತ್ತದೆ. ಅದಕ್ಕೇ ತೇವ ಮೊದಲು ಹಿಡಿಯುವುದು ಅಲ್ಲಿ. ಮೊಳೆಯ ಮೇಲೆ ಮಾತ್ರ ಇದ್ದರೆ ತೊಂದರೆ ಈಗಷ್ಟೇ ಶುರುವಾಗಿದೆ. ಪಕ್ಕದ ಮರದ ಹಲಗೆಯ ಮೇಲೂ ಬಿಳಿ ಪದರ ಹರಡಿದ್ದರೆ ಗೂಡು ಉಸಿರಾಡುತ್ತಿಲ್ಲ. ಕಿಟಕಿ ಗಾಜಿನ ಒಳಗಡೆ ಮೂಲೆಯಲ್ಲಿ ತೆಳ್ಳಗೆ ಮಂಜು ಇದ್ದರೆ ಚಿಂತೆ ಬೇಡ. ಗಾಜಿನ ತುಂಬ ಮಂಜು ದಪ್ಪಗೆ ಕಟ್ಟಿದ್ದರೆ ಮೊಳೆ ಹೇಳಿದ್ದನ್ನೇ ಅದೂ ಹೇಳುತ್ತಿದೆ.

ಕೊನೆಗೆ, ಕೋಳಿ ಕೂರುವ ಜಾಗದ ಕೆಳಗಿನ ಹಾಸಿನಿಂದ ಒಂದು ಮುಷ್ಟಿ ಎತ್ತಿ ಒತ್ತಿ ಬಿಡಿ. ಕೈಗವಸು ಹಾಕಿಕೊಳ್ಳಿ, ಪರವಾಗಿಲ್ಲ. ಉದುರಿ ಬಿದ್ದರೆ ಒಳ್ಳೆಯದು. ಉಂಡೆಯಾಗಿ ನಿಂತರೆ ಹಾಸು ತೇವ ಕುಡಿದು ತುಂಬಿದೆ.

ತೇವ ಬರುವುದು ಎಲ್ಲಿಂದ

ಒಂದು ಕೋಳಿ ದಿನಕ್ಕೆ ಹೆಚ್ಚುಕಡಿಮೆ 200 ಮಿಲಿಲೀಟರ್ ನೀರು ಕುಡಿಯುತ್ತದೆ. ಮೊಟ್ಟೆಯಲ್ಲಿ ಹೋಗುವ ಪಾಲು ಸ್ವಲ್ಪ. ಉಳಿದಿದ್ದೆಲ್ಲ ಉಸಿರಿನಲ್ಲಿ ಆವಿಯಾಗಿ, ಹಿಕ್ಕೆಯಲ್ಲಿ ನೀರಾಗಿ ಹೊರಬರುತ್ತದೆ. ಹಸಿ ಹಿಕ್ಕೆಯ ತೂಕದಲ್ಲಿ ಮುಕ್ಕಾಲು ಭಾಗ ನೀರೇ. ಎಂಟು ಕೋಳಿ ಇರುವ ಗೂಡಿನಲ್ಲಿ ರಾತ್ರಿ ಕಳೆಯುವುದರೊಳಗೆ ಬರೀ ಉಸಿರಿನಿಂದಲೇ ಸುಮಾರು ಕಾಲು ಲೀಟರ್ ನೀರು ಗಾಳಿ ಸೇರುತ್ತದೆ.

ತಣ್ಣನೆ ಗಾಳಿಗೆ ನೀರು ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆ. 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 17 ಗ್ರಾಂ ಆವಿ ಹೊರಬಲ್ಲದು. ಸೊನ್ನೆಯಲ್ಲಿ 5 ಗ್ರಾಂ ಕೂಡ ಇಲ್ಲ. ಮೈನಸ್ 20ರಲ್ಲಿ ಹತ್ತಿರ ಹತ್ತಿರ 1 ಗ್ರಾಂ. ಬೇಸಿಗೆಯಲ್ಲಿ ಗಮನಕ್ಕೇ ಬಾರದ ಉಸಿರು ಚಳಿಗಾಲದಲ್ಲಿ ಮಾಡಿನ ಮೇಲೆ ಬಿಳಿಯಾಗಿ ಕೂರುವುದು ಇದರಿಂದಲೇ.

ಈ ಲೆಕ್ಕದಲ್ಲಿ ನಮಗೆ ಅನುಕೂಲವಾದದ್ದೂ ಒಂದಿದೆ. ಮೈನಸ್ 15ರ ಹೊರಗಿನ ಗಾಳಿ ಒಳಗೆ ಬಂದು ಕೋಳಿಗಳ ಮೈ ಬಿಸಿಗೆ ಮೈನಸ್ 5 ಆಯಿತು ಅಂದುಕೊಳ್ಳಿ. ಅಷ್ಟಕ್ಕೇ ಅದು ಒಣ ಗಾಳಿಯಾಗುತ್ತದೆ. ತಾನು ಹೊರಬಲ್ಲ ಆವಿಯ ಅರ್ಧಕ್ಕಿಂತ ಕಡಿಮೆ ಅದರಲ್ಲಿರುತ್ತದೆ, ಉಳಿದಷ್ಟು ಜಾಗವನ್ನು ಗೂಡಿನ ತೇವದಿಂದ ತುಂಬಿಕೊಂಡು ಹೊರಡಬಹುದು. ಹೊರಗಿನ ಚಳಿಗಾಳಿಯೇ ನಿಮ್ಮ ಒಣಗಿಸುವ ಯಂತ್ರ. ಆದರೆ ಒಂದೊಂದು ಸುತ್ತಿಗೆ ಅದು ಹೊರುವುದು ಒಂದೆರಡು ಗ್ರಾಂ ಮಾತ್ರ. 4 ಘನ ಮೀಟರಿನ ಸಣ್ಣ ಗೂಡಿನಿಂದ ಕಾಲು ಲೀಟರ್ ಆವಿ ಹೊರಹೋಗಲು ಒಳಗಿನ ಗಾಳಿ ಒಂದು ರಾತ್ರಿಯಲ್ಲಿ ಸುಮಾರು 40 ಸಲ ಬದಲಾಗಬೇಕು. ಇದು ಅಂದಾಜಿನ ಲೆಕ್ಕ. ಒಂದು ಅಂಗೈಯಗಲದ ಕಿಂಡಿ ಏಕೆ ಸಾಲದು ಅನ್ನುವುದಕ್ಕೆ ಇಷ್ಟು ಸಾಕು.

ಜುಟ್ಟನ್ನು ಓದುವುದು

ಇದಕ್ಕೆ ಸ್ವಲ್ಪ ಜಾಸ್ತಿ ಸಮಯ ಕೊಡಿ. ಯಾವ ಕೋಳಿಗೆ, ಮೈಯ ಯಾವ ಭಾಗಕ್ಕೆ ಪೆಟ್ಟು ಬಿದ್ದಿದೆ ಅನ್ನುವುದರಲ್ಲೇ ಕಾರಣ ಅರ್ಧ ಸಿಕ್ಕಿಬಿಡುತ್ತದೆ.

ಎಲ್ಲ ಕೋಳಿಗಳಿಗೂ ಹೆಚ್ಚುಕಡಿಮೆ ಒಂದೇ ತರಹ ಜುಟ್ಟಿನ ತುದಿ ಹೋಗಿದೆ, ಮಾಡಿನಲ್ಲಿ ಮಂಜೂ ಇದೆ ಅಂದರೆ ತೇವ. ಗಾಳಿಕಿಂಡಿ ಸಾಲದು, ಇಲ್ಲವೇ ಮುಚ್ಚಿಹೋಗಿದೆ.

ಅಡ್ಡಪಟ್ಟಿಯ ಒಂದು ತುದಿಯಲ್ಲಿ ಕೂರುವ ಒಂದೆರಡು ಕೋಳಿಗೆ ಮಾತ್ರ ಆಗಿದೆ, ಮಾಡು ಒಣಗಿದೆ. ಇಲ್ಲಿ ತೇವದ ತಪ್ಪಿಲ್ಲ. ಆ ತುದಿಗೆ ಎಲ್ಲಿಂದಲೋ ನೇರ ಗಾಳಿ ಹೊಡೆಯುತ್ತಿದೆ. ಕೋಳಿಗಳಿಗೆ ಸಾಮಾನ್ಯವಾಗಿ ತಮ್ಮದೇ ಜಾಗ ಇರುತ್ತದೆ, ಹಾಗಾಗಿ ರಾತ್ರಿ ಒಮ್ಮೆ ಹೋಗಿ ಯಾರು ಎಲ್ಲಿ ಕೂತಿದ್ದಾರೆ ನೋಡಿ ಬನ್ನಿ. ಪುಕ್ಕ ಅಸ್ತವ್ಯಸ್ತವಾಗಿ ಎದ್ದು ನಿಂತಿದ್ದರೆ, ಅಥವಾ ಎಲ್ಲವೂ ಒಂದೇ ತುದಿಗೆ ಒತ್ತರಿಸಿಕೊಂಡು ಇನ್ನೊಂದು ತುದಿ ಖಾಲಿ ಬಿಟ್ಟಿದ್ದರೆ ಅನುಮಾನವೇ ಬೇಡ.

ಜುಟ್ಟು ಚೆನ್ನಾಗಿದೆ, ಗಲ್ಲದ ಜೋಲು ಮಾತ್ರ ಊದಿ ಕಪ್ಪಾಗಿದೆ. ಹುಂಜಗಳಲ್ಲಿ ಇದು ಜಾಸ್ತಿ. ಗಾಳಿಕಿಂಡಿಯನ್ನು ಬಿಟ್ಟುಬಿಡಿ, ನೀರಿನ ಪಾತ್ರೆ ನೋಡಿ. ಬಾಯಗಲದ ಬಟ್ಟಲಿನಲ್ಲಿ ಕುಡಿಯುವಾಗ ಉದ್ದ ಜೋಲು ನೀರಿಗೆ ಅದ್ದುತ್ತದೆ, ಆಮೇಲೆ ಹೆಪ್ಪುಗಟ್ಟುತ್ತದೆ. ಕಿರಿದಾದ ಅಂಚಿನ ಪಾತ್ರೆ ಅಥವಾ ಕುಕ್ಕಿದರೆ ನೀರು ತೊಟ್ಟಿಕ್ಕುವ ನಿಪ್ಪಲ್ ಇರುವ ಡಬ್ಬ ಇಟ್ಟರೆ ಅಲ್ಲಿಗೆ ಮುಗಿಯಿತು.

ಕಾಲ್ಬೆರಳಿಗೆ ಆಗಿದ್ದರೆ ಕೂರುವ ಪಟ್ಟಿಯ ಅಗಲ ನೋಡಿ. ಸಣ್ಣ ದುಂಡು ಕೋಲು ಅಥವಾ ಲೋಹದ ಪೈಪ್ ಆದರೆ ಬೆರಳು ಹೊರಗೇ ಉಳಿಯುತ್ತದೆ, ಪೈಪಾದರೆ ಬಿಸಿಯನ್ನೂ ಎಳೆದುಕೊಳ್ಳುತ್ತದೆ. 9–10 ಸೆಂಟಿಮೀಟರ್ ಅಗಲದ ಮರದ ಪಟ್ಟಿಯನ್ನು ಚಪ್ಪಟೆಯಾಗಿ ಹಾಕಿದರೆ ಕೋಳಿ ಪಾದದ ಮೇಲೇ ಕೂರುತ್ತದೆ, ಎದೆಯ ಪುಕ್ಕ ಬೆರಳನ್ನು ಪೂರ್ತಿ ಮುಚ್ಚುತ್ತದೆ. ಪಟ್ಟಿ ಸರಿಯಿದ್ದೂ ಬೆರಳು ಹೋದರೆ ಹಗಲಿನಲ್ಲಿ ಒದ್ದೆ ಹಾಸಿನ ಮೇಲೆ ಓಡಾಡಿ ಅದೇ ಕಾಲಲ್ಲಿ ಮಲಗುತ್ತಿವೆ ಅಂತ ಅರ್ಥ.

ಎದ್ದು ನಿಂತ ದೊಡ್ಡ ಒಂಟಿ ಜುಟ್ಟಿನ ಲೆಗ್‌ಹಾರ್ನ್‌ನಂಥ ತಳಿಗೆ ಎಲ್ಲ ಸರಿಯಿದ್ದರೂ ಅತಿ ಚಳಿಯ ರಾತ್ರಿಯಲ್ಲಿ ತುದಿ ಸ್ವಲ್ಪ ಹೋಗಬಹುದು. ತಲೆಗೆ ಒತ್ತಿಕೊಂಡ ಗಿಡ್ಡ ಜುಟ್ಟಿನ ವೈಯಾಂಡಾಟ್, ಬ್ರಹ್ಮ, ಶಾಂಟೆಕ್ಲೇರ್ ತಳಿಗಳಿಗೆ ಆ ಕಾಟ ಕಡಿಮೆ. ಶಾಂಟೆಕ್ಲೇರ್ ಅನ್ನು ಕೆನಡಾದ ಕ್ವಿಬೆಕ್‌ನಲ್ಲಿ 20ನೇ ಶತಮಾನದ ಆರಂಭದಲ್ಲಿ ಅಲ್ಲಿನ ಚಳಿಗೆಂದೇ ಬೆಳೆಸಿದ್ದು. ಜುಟ್ಟೂ ಜೋಲೂ ಇದೆಯೋ ಇಲ್ಲವೋ ಅನ್ನುವಷ್ಟು ಚಿಕ್ಕದು. ಇಂಥ ಗಿಡ್ಡ ಜುಟ್ಟಿನ ಕೋಳಿಗೂ ನಿಮ್ಮ ಗೂಡಿನಲ್ಲಿ ಕಪ್ಪಾಗುತ್ತಿದ್ದರೆ ತೊಂದರೆ ಸಣ್ಣದಲ್ಲ.

ಪೆಟ್ಟು ಬಿದ್ದ ಜಾಗವನ್ನು ಉಜ್ಜಬೇಡಿ, ಬಿಸಿ ಕೊಡಬೇಡಿ. ಕಪ್ಪು ತುದಿಯನ್ನು ಕತ್ತರಿಸಲೂ ಬೇಡಿ. ಕೆಳಗಿನ ಜೀವಂತ ಭಾಗಕ್ಕೆ ಅದೇ ಮುಚ್ಚಳ, ತಾನಾಗೇ ಉದುರುತ್ತದೆ. ಕೀವು, ದುರ್ವಾಸನೆ ಬಂದರೆ ಪಶುವೈದ್ಯರಿಗೆ ತೋರಿಸಿ.

ಕಣ್ಣು ಉರಿಸುವ ಘಾಟು

ಹಿಕ್ಕೆಯಲ್ಲಿರುವ ಯೂರಿಕ್ ಆಮ್ಲವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಅವಕ್ಕೆ ತೇವ ಬೇಕು. ಒಣಗಿದ ಅಥವಾ ಗಟ್ಟಿಯಾಗಿ ಹೆಪ್ಪುಗಟ್ಟಿದ ಹಿಕ್ಕೆ ಅಷ್ಟಾಗಿ ನಾರುವುದಿಲ್ಲ. ಆದ್ದರಿಂದ ಮೈನಸ್ 10ರಲ್ಲೂ ಗೂಡು ಘಾಟು ಹೊಡೆಯುತ್ತಿದೆ ಅಂದರೆ ಹಾಸಿನೊಳಗೆ ಎಲ್ಲೋ ಒದ್ದೆಯೂ ಇದೆ, ಬೆಚ್ಚಗೂ ಇದೆ.

ಕೋಳಿಸಾಕಣೆಯಲ್ಲಿ ಸಾಮಾನ್ಯವಾಗಿ ಹೇಳುವ ಮೇಲ್ಮಿತಿ, ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 25 ಪಾಲು ಅಮೋನಿಯಾ. ಅದಕ್ಕಿಂತ ಕಡಿಮೆ ಇದ್ದಾಗಲೇ ಮನುಷ್ಯರ ಮೂಗಿಗೆ ಗೊತ್ತಾಗುತ್ತದೆ. ನಿಮ್ಮ ಕಣ್ಣಲ್ಲಿ ನೀರು ಬರುವಷ್ಟಿದ್ದರೆ ರಾತ್ರಿಯೆಲ್ಲ ಅಲ್ಲೇ ಕೂತ ಕೋಳಿಯ ಗತಿ ಯೋಚಿಸಿ. ಉಸಿರುದಾರಿಯ ಒಳಪದರ ಹಾಳಾಗುತ್ತದೆ, ಆಮೇಲೆ ಬರುವ ಸೋಂಕಿಗೆ ಬಾಗಿಲು ತೆರೆದ ಹಾಗೆ.

ಇಲ್ಲೊಂದು ಗೊಂದಲ ಆಗುತ್ತದೆ. ಕೋಳಿ ಸೀನುತ್ತಿದ್ದರೆ ಅದು ಗಾಳಿಯ ದೋಷವೋ, ಕಾಯಿಲೆಯೋ? ಬೆಳಿಗ್ಗೆ ಹಲವಕ್ಕೆ ಕಣ್ಣು ಕೆಂಪಾಗಿದ್ದು, ಹೊರಗೆ ಬಿಟ್ಟು ಒಂದೆರಡು ಗಂಟೆಯಲ್ಲಿ ಕಡಿಮೆಯಾದರೆ ಗಾಳಿಯ ಮೇಲೆ ಅನುಮಾನಪಡಿ. ಒಂದೇ ಕೋಳಿ ಗೊರಗೊರ ಅನ್ನುತ್ತಿದೆ, ಮೂಗಲ್ಲಿ ಸಿಂಬಳ, ಹಗಲೆಲ್ಲ ಹೊರಗಿದ್ದರೂ ಹಾಗೇ ಇದೆ ಅಂದರೆ ಅದನ್ನು ಬೇರೆ ಮಾಡಿ ವೈದ್ಯರಿಗೆ ತೋರಿಸಿ. ಕಿಂಡಿ ಕೊರೆದು ವಾಸಿಯಾಗುವಂಥದ್ದಲ್ಲ ಅದು.

ಘಾಟಿಗೆ ಮೊದಲ ಕೆಲಸ ಕೂರುವ ಪಟ್ಟಿಯ ಕೆಳಗೆ. ರಾತ್ರಿಯ ಹಿಕ್ಕೆಯೆಲ್ಲ ಬೀಳುವುದು ಅಲ್ಲೇ. ಅಲ್ಲೊಂದು ಹಲಗೆ ಹಾಕಿ ದಿನಾ ಬೆಳಿಗ್ಗೆ ಹೆರೆದು ಹೊರಗೆ ಹಾಕಿದರೆ ತೇವದ ದೊಡ್ಡ ಪಾಲು ಗೂಡಿನಿಂದಲೇ ಹೋಯಿತು. ಎರಡು ನಿಮಿಷದ ಕೆಲಸ, ಹೆಪ್ಪುಗಟ್ಟಿದ್ದರೆ ಇನ್ನೂ ಸುಲಭ.

ಗಾಳಿ ನಿಜಕ್ಕೂ ಓಡಾಡುತ್ತಿದೆಯೇ?

ಕಿಂಡಿ ಇದೆ ಅಂದ ಮಾತ್ರಕ್ಕೆ ಗಾಳಿ ಹೋಗುತ್ತಿದೆ ಅಂತಲ್ಲ. ಗೂಡಿನಲ್ಲೇ ಬಿದ್ದಿರುವ ಮೃದುವಾದ ಒಂದು ಸಣ್ಣ ಪುಕ್ಕ ತೆಗೆದುಕೊಂಡು ನೂಲಿಗೆ ಕಟ್ಟಿ. ಮೊದಲು ಅದನ್ನು ಕೋಳಿ ಕೂರುವ ಎತ್ತರದಲ್ಲಿ ಹಿಡಿಯಿರಿ. ಅಲ್ಲಿ ಅದು ಅಲುಗಬಾರದು, ಅಲುಗಿದರೂ ಸೋಮಾರಿಯಾಗಿ. ಆಮೇಲೆ ಮೇಲಿನ ಕಿಂಡಿಯ ಬಳಿ ಹಿಡಿಯಿರಿ. ಅಲ್ಲಿ ಹೊರಕ್ಕೋ ಒಳಕ್ಕೋ ಸರಿಯಾಗಿ ವಾಲಬೇಕು. ಮೇಲೆ ಗಾಳಿ, ಕೆಳಗೆ ನಿಶ್ಚಲ. ನಮಗೆ ಬೇಕಾದದ್ದು ಇಷ್ಟೇ. ಕೋಳಿಗಳು ಹೊರಗಿರುವಾಗ ಒಂದು ಊದಿನಕಡ್ಡಿಯ ಹೊಗೆಯಲ್ಲೂ ಇದನ್ನು ನೋಡಬಹುದು. ಕೆಳಗೆ ಒಣ ಹಾಸು ಇರುತ್ತದೆ, ಕಿಡಿ ಬೀಳದ ಹಾಗೆ ಒಂದು ತಟ್ಟೆ ಹಿಡಿದುಕೊಳ್ಳಿ.

ಎರಡೂ ಕಡೆ ಪುಕ್ಕ ಸತ್ತಂತೆ ನೇತಾಡುತ್ತಿದ್ದರೆ ಕಿಂಡಿ ಸಾಲದು. ಕೋಳಿ ಸಾಕುವವರು ಇಟ್ಟುಕೊಳ್ಳುವ ಒಂದು ಅಂದಾಜು, ಕೋಳಿಗೊಂದು ಚದರ ಅಡಿ ಕಿಂಡಿ. ಇದು ಗೂಡಿನ ಒಟ್ಟು ಲೆಕ್ಕ, ಬಿರುಗಾಳಿಯ ದಿನ ಅದರಲ್ಲಿ ಒಂದಷ್ಟನ್ನು ಮುಚ್ಚಿಕೊಳ್ಳಲು ಅವಕಾಶ ಇರಬೇಕು. ಓರೆಪಟ್ಟಿ ಜೋಡಿಸಿದ ಸಿದ್ಧ ಕಿಂಡಿ ತಂದು ಹಾಕಿದರೆ ಅಳತೆಯನ್ನು ನಂಬಬೇಡಿ, ಪಟ್ಟಿಗಳೇ ಜಾಗ ತಿಂದಿರುತ್ತವೆ. ಜಾಗವೂ ಮುಖ್ಯ. ಸೂರಿನ ಕೆಳಗೆ ಎರಡೂ ಬದಿಗೆ ಉದ್ದಕ್ಕೂ ಸಂದಿ, ಮಾಡಿನ ನೆತ್ತಿಯಲ್ಲೊಂದು ಮುಚ್ಚಳವಿರುವ ತೆರವು ಇದ್ದರೆ ತುಂಬಾ ಒಳ್ಳೆಯದು. ಬಿಸಿಯಾದ ತೇವದ ಗಾಳಿ ಹಗುರ, ಮೇಲೇರಿ ನೆತ್ತಿಯಿಂದ ಹೋಗುತ್ತದೆ. ಎಲ್ಲ ಕಿಂಡಿಯೂ ಕೂತ ಕೋಳಿಯ ತಲೆಗಿಂತ ಮೇಲಿರಬೇಕು. ಅದಾಗದಿದ್ದರೆ ಕೂರುವ ಪಟ್ಟಿಯನ್ನೇ ಕೆಳಗಿಳಿಸಿ. ಎಷ್ಟೋ ಸಣ್ಣ ಗೂಡುಗಳಲ್ಲಿ ದೋಷ ಕಿಂಡಿಯದಲ್ಲ, ಕೋಳಿಗಳು ಮಾಡಿಗೆ ತಲೆ ತಾಗುವಷ್ಟು ಮೇಲೆ ಕೂತಿರುತ್ತವೆ, ಅಷ್ಟೇ.

ಪ್ರತಿ ಕಿಂಡಿಗೂ ಅರ್ಧ ಅಂಗುಲ ಕಣ್ಣಿನ ಗಟ್ಟಿ ತಂತಿಜಾಲರಿ ಹೊಡೆಯಿರಿ. ಕೋಳಿ ಬಲೆ ಅಂತ ಮಾರುವ ತೆಳು ಬಲೆ ಕೋಳಿಯನ್ನು ಒಳಗಿಡುತ್ತದೆ, ಬೇಟೆಯಾಡಲು ಬರುವ ಪ್ರಾಣಿಯನ್ನು ಹೊರಗಿಡುವುದಿಲ್ಲ.

ಕಿಂಡಿ ಇದ್ದರೂ ತೇವ ಹೋಗದಿದ್ದರೆ

ಕುರ್ಚಿ ಹಾಕಿ ಹತ್ತಿ ಜಾಲರಿಯನ್ನೇ ನೋಡಿ. ಧೂಳು, ಜೇಡರ ಬಲೆ, ಸಣ್ಣ ಪುಕ್ಕ ಸೇರಿ ಕಂಬಳಿಯ ಹಾಗೆ ಕಟ್ಟಿರುತ್ತದೆ, ಅದರ ಮೇಲೆ ಮಂಜು ಕೂತಿರುತ್ತದೆ. ಬ್ರಷ್ ಹಾಕಿ ಉಜ್ಜಿ. ಹೊರಗಿನಿಂದ ನೆತ್ತಿಯ ತೆರವನ್ನು ಹಿಮ ಮುಚ್ಚಿದೆಯೋ ಏನೋ, ಅದನ್ನೂ ನೋಡಿ. ಗಾಳಿ ತಡೆಯಲು ಗೋಣಿತಾಟು ಕಟ್ಟಿದ್ದೀರಾ? ಒಳ್ಳೇ ಉಪಾಯವೇ, ಆವಿಯನ್ನು ಬಿಟ್ಟು ಗಾಳಿಯ ರಭಸವನ್ನು ಮುರಿಯುತ್ತದೆ. ಆದರೆ ನಾಲ್ಕು ರಾತ್ರಿಯಲ್ಲಿ ಅದರ ಎಳೆಗಳಲ್ಲೇ ಮಂಜು ಕಟ್ಟಿ ಹಲಗೆಯಾಗಿಬಿಡುತ್ತದೆ. ಆಗಾಗ ತೆಗೆದು ಕೊಡವಬೇಕು.

ಹಿಮ ಒಳಗೆ ನುಗ್ಗುತ್ತದೆ ಅಂತ ಕಿಂಡಿ ಮುಚ್ಚಿದ್ದರೆ, ಗಾಳಿ ಬೀಸುವ ಬದಿಯದನ್ನು ಮಾತ್ರ ಮುಚ್ಚಿ, ಹಿಂಬದಿಯದನ್ನು ಪೂರ್ತಿ ತೆರೆದಿಡಿ. ಕಿಂಡಿಯ ಹೊರಗೆ ಕೆಳಮುಖವಾಗಿ ಓರೆ ಹಲಗೆಯೊಂದನ್ನು ಹೊಡೆದರೆ ಹಿಮ ನೇರ ಬರುವುದಿಲ್ಲ.

ನೀರಿನ ಪಾತ್ರೆ ಒಳಗಿದೆಯಾ? ಹೆಪ್ಪುಗಟ್ಟದಂತೆ ಬಿಸಿಮಾಡುವ ತೆರೆದ ಪಾತ್ರೆ ಆದರಂತೂ ರಾತ್ರಿಯೆಲ್ಲ ಆವಿ ಬಿಡುತ್ತಿರುತ್ತದೆ. ಕತ್ತಲಲ್ಲಿ ಕೋಳಿ ನೀರು ಕುಡಿಯುವುದಿಲ್ಲ. ಸಂಜೆ ಹೊರಗೆ ತೆಗೆದಿಟ್ಟು ಬೆಳಿಗ್ಗೆ ಬೇಗ ಕೊಡಿ.

ತಗಡಿನ ಮಾಡಿನ ಕಥೆ ಬೇರೆ. ಕಿಂಡಿ ಸಾಕಷ್ಟಿದ್ದರೂ ಬರಿ ತಗಡು ಅಷ್ಟು ತಣ್ಣಗಿರುವುದರಿಂದ ಮುಟ್ಟಿದ ಆವಿಯೆಲ್ಲ ನೀರಾಗುತ್ತದೆ. ತಗಡಿನ ಕೆಳಗೆ ಶಾಖ ತಡೆಯುವ ಹಾಳೆ ಹಾಕಿ, ಅದರ ಕೆಳಗೆ ಪ್ಲೈವುಡ್ ಹೊಡೆಯಿರಿ. ಥರ್ಮಾಕೋಲನ್ನು ತೆರೆದು ಬಿಟ್ಟರೆ ಕೋಳಿಗಳು ಕುಕ್ಕಿ ತಿನ್ನುತ್ತವೆ. ಏಕೆ ಅಷ್ಟು ಇಷ್ಟವೋ, ಬೇರೇನೂ ಬೇಡ ಅನ್ನುವ ಹಾಗೆ ತಿನ್ನುತ್ತವೆ.

ಹಾಸು ಉಂಡೆ ಕಟ್ಟುತ್ತಿದ್ದರೆ ಒದ್ದೆಯಾದ ಕಡೆ ಪೂರ್ತಿ ತೆಗೆದು, ಮರದ ಹೆರೆದ ಸಿಪ್ಪೆಯನ್ನು ಕನಿಷ್ಠ 15 ಸೆಂಟಿಮೀಟರ್ ದಪ್ಪಕ್ಕೆ ಹಾಕಿ. ಹುಲ್ಲು ಬೆಚ್ಚಗೆ ಕಾಣುತ್ತದೆ, ಆದರೆ ತೇವ ಕುಡಿಯುವುದರಲ್ಲಿ ಸಿಪ್ಪೆಯ ಸಮ ಅಲ್ಲ.

ಇಷ್ಟೆಲ್ಲ ಸರಿಯಿದ್ದರೆ ಕೋಳಿಗಳನ್ನೇ ಎಣಿಸಿ. ಒಂದಕ್ಕೆ ಸುಮಾರು 4 ಚದರ ಅಡಿ ನೆಲ ಇಲ್ಲದಿದ್ದರೆ ಗೂಡು ತುಂಬಿತು ಅಂತಲೇ ಲೆಕ್ಕ.

ಹೀಟ್ ಲ್ಯಾಂಪ್ ಹಾಕಿದರೆ ಆಗಲ್ವಾ?

ಎಲ್ಲರೂ ಕೇಳುತ್ತಾರೆ. ಬೇಡ ಅಂತಲೇ ನನ್ನ ಮಾತು. 250 ವಾಟ್‌ನ ಬಲ್ಬು, ಒಣ ಸಿಪ್ಪೆ, ಹಾರುವ ಪುಕ್ಕ, ಧೂಳು, ರೆಕ್ಕೆ ಬಡಿಯುವ ಕೋಳಿ ಎಲ್ಲ ಒಂದೇ ಮರದ ಪೆಟ್ಟಿಗೆಯಲ್ಲಿ. ಗೂಡು ಸುಟ್ಟುಹೋಗಲು ಬೇರೇನು ಬೇಕು? ಅದೂ ಅಲ್ಲದೆ ತೇವ ಹಾಗೇ ಉಳಿಯುತ್ತದೆ. ಬಿಸಿ ಗಾಳಿ ಹಾಸಿನಿಂದ ಇನ್ನಷ್ಟು ನೀರೆಳೆದು ಮಾಡಿಗೆ ಮುಟ್ಟಿಸುತ್ತದೆ. ನಡುರಾತ್ರಿ ಕರೆಂಟ್ ಹೋದರೆ ಬೆಚ್ಚಗೆ ಕೂತು ಅಭ್ಯಾಸವಾದ ಕೋಳಿ ಒಮ್ಮೆಲೇ ಚಳಿಗೆ ಬೀಳುತ್ತದೆ. ಹೇಗೂ ಒಂದೊಂದು ಕೋಳಿಯೂ ಸುಮಾರು 10 ವಾಟ್ ಬಿಸಿ ಬಿಡುತ್ತಲೇ ಇರುತ್ತದೆ.

ಗೂಡಿನಲ್ಲಿ ಮೊಟ್ಟೆ ಹೆಪ್ಪುಗಟ್ಟಿ ಬಿರುಕು ಬಿಡುವುದನ್ನು ಗಾಳಿಯ ದೋಷಕ್ಕೆ ಸೇರಿಸಬೇಡಿ. ಅದು ಬರೀ ಚಳಿ. ಬೇಗ ಬೇಗ ಎತ್ತಿಕೊಳ್ಳಿ, ಸುಮ್ನೆ ಕಿಂಡಿ ಮುಚ್ಚಲು ಅದೊಂದು ನೆಪ ಆಗಬಾರದು.

ಸರಿಹೋಯಿತೋ ಇಲ್ಲವೋ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮೂರು ರಾತ್ರಿ ಕೊಡಿ. ಗಾಳಿಯ ತೇವ ಅಳೆಯುವ ಅಗ್ಗದ ಹೈಗ್ರೋಮೀಟರ್ ಎರಡು ಇದ್ದರೆ ಮೊದಲ ರಾತ್ರಿ ಎರಡನ್ನೂ ಅಕ್ಕಪಕ್ಕ ಇಟ್ಟು, ಒಂದೇ ಅಂಕಿ ತೋರಿಸುತ್ತವಾ ನೋಡಿಕೊಳ್ಳಿ. ಆಮೇಲೆ ಒಂದನ್ನು ಕೋಳಿ ಕೂರುವ ಎತ್ತರದಲ್ಲಿ, ಇನ್ನೊಂದನ್ನು ಹೊರಗೆ ನೆರಳಲ್ಲಿ ತೂಗುಹಾಕಿ. ಬೆಳಗಿನ ಜಾವ ಒಳಗಿನ ಅಂಕಿ ಹೊರಗಿನದಕ್ಕಿಂತ ಜಾಸ್ತಿ ಇದ್ದರೆ ಇನ್ನೂ ಕಿಂಡಿ ತೆರೆಯಬೇಕು. ಒಳಗಿನ ಉಷ್ಣತೆ ಹೊರಗಿನದಕ್ಕಿಂತ ಕೆಲವೇ ಡಿಗ್ರಿ ಮೇಲಿದೆಯಲ್ಲ ಅಂತ ಗಾಬರಿಯಾಗಬೇಡಿ, ಅದು ಹಾಗೇ ಇರಬೇಕು.

ಯಂತ್ರ ಇಲ್ಲದಿದ್ದರೂ ನಡೆಯುತ್ತದೆ. ಸಂಜೆ ಎಲ್ಲ ಮೊಳೆಗಳ ತುದಿಯನ್ನೂ ಬಟ್ಟೆಯಿಂದ ಒರೆಸಿ ಬಂದುಬಿಡಿ. ಬೆಳಿಗ್ಗೆ ಟಾರ್ಚ್ ಬಿಟ್ಟಾಗ ಬರೀ ಕಬ್ಬಿಣ ಕಂಡರೆ ಬಾಗಿಲು ತೆಗೆದು ಕೋಳಿಗಳನ್ನು ಹೊರಗೆ ಬಿಡಿ.